ಶಾಲೆಯ ಲೆಕ್ಕ ಹಿಡಿದವರಿಗೂ ಕಲಿಯುವ ಅವಕಾಶ ಕೊಡಿ: ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಶಾಲೆಗಳಲ್ಲಿ ಹಣಕಾಸು, ದಾಖಲೆ, ದಾಸ್ತಾನು ನೋಡಿಕೊಳ್ಳುವ ಮುಖ್ಯ ಶಿಕ್ಷಕರಿಗೆ ಮತ್ತು ಕಚೇರಿ ಸಿಬ್ಬಂದಿಗೆ ನಿರಂತರ ವೃತ್ತಿ ತರಬೇತಿ ಕೊಡುವ ಬಗ್ಗೆ.

ಮಾನ್ಯರೇ,

ನಾನು ಸರ್ಕಾರಿ ಪ್ರೌಢಶಾಲೆಯೊಂದರ ಕಚೇರಿಗೆ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಓ) ಕಚೇರಿಯಲ್ಲಿ ಅಧೀಕ್ಷಕನಾಗಿ ನಿವೃತ್ತನಾದವನು. ಸೇವೆಯ ಬಹುಪಾಲು ಕಳೆದದ್ದು ನಗದು ಪುಸ್ತಕ, ಸೇವಾ ಪುಸ್ತಕ, ಆಡಿಟ್ ವರದಿಗಳ ಜೊತೆ. ನಿವೃತ್ತನಾದ ಮೇಲೂ ಫೋನು ಸುಮ್ಮನಿಲ್ಲ. ಮಾರ್ಚ್ ಬಂತೆಂದರೆ ಮುಖ್ಯ ಶಿಕ್ಷಕರ ಕರೆಗಳು ಶುರುವಾಗುತ್ತವೆ. "ಸರ್, ಖಾತೆಗೆ ಬಿದ್ದಿರೋ ಬಡ್ಡಿನ ಯಾವ ಕಾಲಂನಲ್ಲಿ ಬರೀಬೇಕು?" "ಹಿಂದಿನ ಹೆಡ್‌ಮಾಸ್ಟರ್ ಚಾರ್ಜ್ ಕೊಡುವಾಗ ಸ್ಟಾಕ್ ಬುಕ್ಕೇ ಕೊಟ್ಟಿಲ್ಲ, ಈಗ ಆಡಿಟ್‌ನೋರು ಬರ್ತಿದಾರೆ, ಏನ್ಮಾಡ್ಲಿ?" ಹೀಗೆ ಕೇಳುವವರು ಸೋಮಾರಿಗಳಲ್ಲ, ಅಪ್ರಾಮಾಣಿಕರೂ ಅಲ್ಲ. ವರ್ಷಗಟ್ಟಲೆ ಗಣಿತವನ್ನೋ ಕನ್ನಡವನ್ನೋ ಚೆನ್ನಾಗಿ ಕಲಿಸಿ, ಜ್ಯೇಷ್ಠತೆಯ ಮೇಲೆ ಬಡ್ತಿ ಪಡೆದ ಒಳ್ಳೆಯ ಮೇಷ್ಟ್ರುಗಳು. ಶಾಲೆಯ ಲೆಕ್ಕ ಇಡುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ಆ ಕರೆಗಳೇ ಈ ಪತ್ರ ಬರೆಸುತ್ತಿವೆ.

ಒಂದು ಸರ್ಕಾರಿ ಪ್ರೌಢಶಾಲೆಯ ಕಚೇರಿಯಲ್ಲಿ ವರ್ಷವಿಡೀ ನಡೆಯುವ ಕೆಲಸವನ್ನು ತಾವು ಬಲ್ಲಿರಿ. ಈ ಪತ್ರ ಓದುವ ಪಾಲಕರಿಗಾಗಿ ಹೇಳುತ್ತೇನೆ. ಪ್ರತಿ ತಿಂಗಳು ನೌಕರರ ವೇತನದ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ ವೇತನ ಬಿಲ್ಲು ತಯಾರಾಗಿ ಸರ್ಕಾರಿ ಖಜಾನೆಯ ತಂತ್ರಾಂಶ ಖಜಾನೆ-2ಕ್ಕೆ ಹೋಗಬೇಕು. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್ ಕಡಿತ, ಅದಕ್ಕೂ ಹಿಂದಿನವರಿಗೆ ಭವಿಷ್ಯ ನಿಧಿಯಾದ ಜಿಪಿಎಫ್, ಜೊತೆಗೆ ಸರ್ಕಾರಿ ವಿಮೆಯಾದ ಕೆಜಿಐಡಿ ಕಂತು. ರಜೆ, ವೇತನ ಬಡ್ತಿ, ಕಾಲಮಿತಿ ಬಡ್ತಿ ಎಲ್ಲವೂ ಸೇವಾ ಪುಸ್ತಕಕ್ಕೆ ಏರಬೇಕು. ಸಂಬಳದಲ್ಲಿ ಹಿಡಿದ ಆದಾಯ ತೆರಿಗೆಯ ಲೆಕ್ಕವಾದ ಟಿಡಿಎಸ್ ರಿಟರ್ನ್ ಅನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಕೊನೆಗೆ ಅದು ಬೀಳುವುದು ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿಯಾದ ಮುಖ್ಯ ಶಿಕ್ಷಕರ ಜೇಬಿನ ಮೇಲೆ. ಇದರ ಜೊತೆಗೆ ಸಮಗ್ರ ಶಿಕ್ಷಣ ಯೋಜನೆಯ ಅನುದಾನ, ಅಕ್ಷರ ದಾಸೋಹದ ಅಕ್ಕಿ ಬೇಳೆ ಎಣ್ಣೆ, ಹಾಲಿನ ಪುಡಿ, ಪಠ್ಯಪುಸ್ತಕ ಸಮವಸ್ತ್ರಗಳ ವಿತರಣೆ, ವಿದ್ಯಾರ್ಥಿವೇತನದ ಅರ್ಜಿ, ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್, ಶಾಲೆಯ ಅಂಕಿಅಂಶ ತುಂಬುವ ಯುಡೈಸ್ ಪ್ಲಸ್, ಟಿ.ಸಿ., ಕಟ್ಟಡ ದುರಸ್ತಿ, ಕರೆಂಟ್ ಬಿಲ್ಲು.

ಪ್ರೌಢಶಾಲೆಯಲ್ಲಿ ಇದಕ್ಕೆಂದು ಒಬ್ಬ ಗುಮಾಸ್ತರ ಹುದ್ದೆಯಾದರೂ ಕಾಗದದ ಮೇಲೆ ಇರುತ್ತದೆ. ಅದು ಖಾಲಿ ಇರಬಹುದು, ಅಥವಾ ಅಲ್ಲಿದ್ದವರು ನಿಯೋಜನೆಯ ಮೇಲೆ ಬೇರೆ ಕಚೇರಿಯಲ್ಲಿರಬಹುದು. ರಾಜ್ಯದ ನಲವತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಆ ಹುದ್ದೆಯೂ ಇಲ್ಲ. ವೇತನ ಬಿಲ್ಲೊಂದನ್ನು ಬಿಇಓ ಕಚೇರಿ ಮಾಡುತ್ತದೆ, ಉಳಿದದ್ದೆಲ್ಲ ಮುಖ್ಯ ಶಿಕ್ಷಕರದು. ಅವರು ಐದನೇ ತರಗತಿಗೆ ಪಾಠವನ್ನೂ ಮಾಡಬೇಕು.

ಹಾಗೆಂದು ತರಬೇತಿಯೇ ಇಲ್ಲ ಎಂದರೆ ಅನ್ಯಾಯವಾದೀತು. ಇದೆ. ಆದರೆ ಅದು ಹೇಗಿದೆ? ಹೊಸ ತಂತ್ರಾಂಶ ಬಂದಾಗ ತಾಲ್ಲೂಕಿನ ಎಲ್ಲರನ್ನೂ ಒಂದು ಸಭಾಂಗಣಕ್ಕೆ ಕರೆಯುತ್ತಾರೆ. ಪರದೆಯ ಮೇಲೆ ಯಾವ ಗುಂಡಿ ಒತ್ತಿದರೆ ಏನು ತೆರೆದುಕೊಳ್ಳುತ್ತದೆ ಎಂದು ತೋರಿಸುತ್ತಾರೆ. ಹಿಂದಿನ ಸಾಲಿನಲ್ಲಿ ಕೂತವರಿಗೆ ಅಕ್ಷರ ಕಾಣುವುದಿಲ್ಲ, ಮಧ್ಯೆ ಸರ್ವರ್ ಕೈಕೊಡುತ್ತದೆ, "ಪಿಪಿಟಿನ ಗ್ರೂಪಿಗೆ ಹಾಕ್ತೀವಿ" ಎಂಬಲ್ಲಿಗೆ ಮುಗಿಯುತ್ತದೆ. ಮರುವಾರ ಶಾಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತಾಗ ನೆನಪಾಗುವುದು ಊಟದ ವಿರಾಮ ಮಾತ್ರ. ಇದು ತಂತ್ರಾಂಶದ ಪರಿಚಯ. ಹಣ ಯಾಕೆ ಹೀಗೆ ಖರ್ಚಾಗಬೇಕು, ದಾಖಲೆ ಯಾಕೆ ಬೇಕು, ಎರಡು ಆಯ್ಕೆಗಳ ನಡುವೆ ತೀರ್ಮಾನ ಮಾಡುವುದು ಹೇಗೆ ಎಂಬುದನ್ನು ಅಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಗುಮಾಸ್ತರಿಗೆ ಕರ್ನಾಟಕ ಲೋಕಸೇವಾ ಆಯೋಗದ ಇಲಾಖಾ ಪರೀಕ್ಷೆಗಳಿವೆ ಎಂದು ತಾವು ಹೇಳಬಹುದು. ಅಕೌಂಟ್ಸ್ ಲೋಯರ್, ಅಕೌಂಟ್ಸ್ ಹೈಯರ್ ಎಂದು ನಾವೆಲ್ಲ ಬರೆದವರೇ. ಆದರೆ 1958ರ ಆರ್ಥಿಕ ಸಂಹಿತೆಯ ನಿಯಮಗಳನ್ನು ಪರೀಕ್ಷೆಗೆ ಓದಿ ಪಾಸಾಗುವುದು ಬೇರೆ, ಚಾವಣಿ ಸೋರುವ ಕೊಠಡಿಗೆ ಇರುವ ಸ್ವಲ್ಪ ಹಣದಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂದು ತಿಳಿಯುವುದು ಬೇರೆ.

ಒಂದು ಓಚರನ್ನು, ಅಂದರೆ ಹಣ ಕೊಟ್ಟಿದ್ದಕ್ಕೆ ಇಡುವ ಬಿಲ್ಲು-ರಸೀದಿಯ ಕಾಗದವನ್ನು, ಹತ್ತಿರದಿಂದ ನೋಡೋಣ. 160 ಮಕ್ಕಳಿರುವ ಒಂದು ಹಿರಿಯ ಪ್ರಾಥಮಿಕ ಶಾಲೆ. ಸಮಗ್ರ ಶಿಕ್ಷಣದ ಮಾನದಂಡದಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿವರೆಗೆ ಸಂಯುಕ್ತ ಶಾಲಾ ಅನುದಾನ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. ಹಣದ ದೊಡ್ಡ ಪಾಲು ಬಂದದ್ದು ವರ್ಷದ ಕೊನೆಗೆ ಎಂದಿಟ್ಟುಕೊಳ್ಳಿ. ಮುಖ್ಯ ಶಿಕ್ಷಕಿ ಪಾಲಕರಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರನ್ನು ಕೇಳಿ ಎರಡು ಕೊಠಡಿಗೆ ಸುಣ್ಣಬಣ್ಣ ಮಾಡಿಸುತ್ತಾರೆ. ಅಂಗಡಿಯವರು ಬಿಲ್ಲು ಕೊಡುತ್ತಾರೆ, ಪೇಂಟರ್ ಕೂಲಿ ಪಡೆದು ಸಹಿ ಹಾಕಿ ಹೋಗುತ್ತಾನೆ. ಕೆಲಸ ಚೆನ್ನಾಗಿ ಆಗಿದೆ, ಒಂದು ಪೈಸೆಯೂ ಎಲ್ಲಿಗೂ ಹೋಗಿಲ್ಲ. ಆಡಿಟ್ ಬರುವುದು ಎಷ್ಟೋ ಸಮಯದ ಮೇಲೆ, ಅಷ್ಟರಲ್ಲಿ ಆಕೆಗೆ ವರ್ಗಾವಣೆಯೂ ಆಗಿರಬಹುದು. ಓಚರು ತಿರುವಿದರೆ ಬಿಲ್ಲಿನ ಮೇಲೆ ಶಾಲೆಯ ಹೆಸರಿಲ್ಲ. ಬಣ್ಣದ ಡಬ್ಬಗಳು ದಾಸ್ತಾನು ವಹಿಯ ಯಾವ ಪುಟಕ್ಕೆ ಏರಿದವು ಎಂಬ ಷರಾ ಇಲ್ಲ. "ಪಾವತಿಸಿ ರದ್ದುಪಡಿಸಿದೆ" ಎಂಬ ಮೊಹರಿಲ್ಲ. ಎಸ್‌ಡಿಎಂಸಿ ನಡಾವಳಿಯಲ್ಲಿ ತೀರ್ಮಾನ ಬರೆದಿದೆ, ಆದರೆ ಬಿಲ್ಲಿನ ದಿನಾಂಕ ನಡಾವಳಿಗಿಂತ ಎರಡು ದಿನ ಹಿಂದಿನದು. ವರದಿಯಲ್ಲಿ ಒಂದೇ ಸಾಲು: ಸಾಮಗ್ರಿಯನ್ನು ದಾಸ್ತಾನಿಗೆ ತೆಗೆದುಕೊಂಡಿರುವುದಿಲ್ಲ, ಮೊತ್ತವನ್ನು ಸಂಬಂಧಪಟ್ಟವರಿಂದ ವಸೂಲು ಮಾಡತಕ್ಕದ್ದು.

ಆಡಿಟರನ್ನು ನಾನು ದೂರುವುದಿಲ್ಲ. ಅವರ ಮುಂದೆ ಇರುವುದು ಕಾಗದ. ಕಾಗದದಲ್ಲಿ ಇಲ್ಲದ ಬಣ್ಣ ಅವರ ಪಾಲಿಗೆ ಗೋಡೆಯ ಮೇಲೂ ಇಲ್ಲ. ಆದರೆ ಇಂಥ ಷರಾಗಳನ್ನು ಬಿಲ್ಲಿನ ಬೆನ್ನಿಗೆ ಬರೆಯಲು ಹಿಡಿಯುವುದು ಐದು ನಿಮಿಷ. ಅವನ್ನು ಬರೆಯಬೇಕೆಂದು ಹಣ ಕೊಡುವ ಮೊದಲು ಆಕೆಗೆ ಯಾರಾದರೂ ಹೇಳಿದ್ದರೆ, ಒಂದು ಓಚರು ಹೇಗಿರಬೇಕೆಂದು ಒಮ್ಮೆ ಬರೆಸಿ ತೋರಿಸಿದ್ದರೆ, ಆ ಆಡಿಟ್ ಆಕ್ಷೇಪಣೆ ಹುಟ್ಟುತ್ತಲೇ ಇರಲಿಲ್ಲ. ಈಗ ಅದಕ್ಕೆ ಅನುಸರಣಾ ವರದಿ, ಮತ್ತೊಂದು ಜ್ಞಾಪನ, ಕಡೆಗೆ ನಿವೃತ್ತಿಯ ಹೊತ್ತಿಗೆ ಬಾಕಿ ಏನೂ ಇಲ್ಲವೆಂಬ ಬೇಬಾಕಿ ಪತ್ರ ಸಿಗದೆ ಅಲೆದಾಟ. ಈಜು ಕಲಿಸದೆ ಹೊಳೆಗಿಳಿಸಿ, ದಡದಲ್ಲಿ ನಿಂತು ತಪ್ಪು ಎಣಿಸಿದಂತಾಯಿತು ನಮ್ಮ ವ್ಯವಸ್ಥೆ.

ಇದರ ಪರಿಣಾಮ ವಸೂಲಿಗಿಂತ ದೊಡ್ಡದು, ಮತ್ತು ಅದು ಯಾವ ವರದಿಯಲ್ಲೂ ಕಾಣುವುದಿಲ್ಲ. ಒಮ್ಮೆ ಹೀಗೆ ಪೆಟ್ಟು ತಿಂದ ಮುಖ್ಯ ಶಿಕ್ಷಕರು ಹಣವೆಂದರೆ ಹೆದರುತ್ತಾರೆ. ಖಾತೆಯಲ್ಲಿ ಹಣ ಇದ್ದರೂ ಶೌಚಾಲಯದ ಮುರಿದ ನಲ್ಲಿ ಹಾಗೇ ಇರುತ್ತದೆ, ಯಾಕೆಂದರೆ ಪ್ಲಂಬರ್‌ಗೆ ಜಿಎಸ್‌ಟಿ ಬಿಲ್ಲು ಇಲ್ಲ, ಅವನಿಂದ ಯಾವ ರೀತಿಯ ರಸೀದಿ ತಗೊಂಡರೆ ನಡೆಯುತ್ತದೆ ಎಂದು ಗೊತ್ತಿಲ್ಲ. ಪ್ರಯೋಗಾಲಯದ ಸಾಮಾನು ತರುವ ಬದಲು, ಬಿಲ್ಲು ಸುಲಭವಾಗಿ ಸಿಗುತ್ತದೆಂದು ಮತ್ತೊಂದು ಗಾಡ್ರೇಜ್ ಬೀರು ಬರುತ್ತದೆ. ಕೆಲವರು ಹಣವನ್ನು ಮುಟ್ಟುವುದೇ ಇಲ್ಲ, ವರ್ಷ ಮುಗಿದು ವಾಪಸ್ ಹೋಗುತ್ತದೆ. ಇನ್ನು ಕೆಲವರು ತಮ್ಮ ಸ್ವಂತ ಸಂಬಳದಿಂದ ಸೀಮೆಸುಣ್ಣ, ಬಲ್ಬು, ಬೀಗ ತಂದು "ಲೆಕ್ಕ ಬರೆಯೋ ತಲೆನೋವೇ ಬೇಡ" ಎನ್ನುತ್ತಾರೆ. ಅವರ ಮನಸ್ಸು ದೊಡ್ಡದು, ನಿಜ. ಆದರೆ ಸರ್ಕಾರಿ ಶಾಲೆಯ ಬಲ್ಬಿಗೆ ಮೇಷ್ಟ್ರ ಸಂಬಳ ಯಾಕೆ ಹೋಗಬೇಕು? ಕಳ್ಳತನ ತಡೆಯುವುದಕ್ಕೆ ನಮ್ಮಲ್ಲಿ ಬೇಕಾದಷ್ಟು ನಿಯಮಗಳಿವೆ. ಹೆದರಿಕೆಯಿಂದ ಖರ್ಚಾಗದೆ ಉಳಿದ ಹಣ ಮಕ್ಕಳಿಗೆ ಮಾಡುವ ನಷ್ಟವನ್ನು ತಡೆಯಲು ಒಂದೂ ಇಲ್ಲ. ಅದನ್ನು ತಡೆಯಬಲ್ಲದ್ದು ತರಬೇತಿ ಮಾತ್ರ ಎಂಬುದು ನನ್ನ ಅನುಭವದ ಮಾತು.

ಬಿಸಿಯೂಟದ ಕೋಣೆಗೆ ಬನ್ನಿ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 5 ಗ್ರಾಂ ಎಣ್ಣೆ. ಆರರಿಂದ ಎಂಟಕ್ಕೆ 150 ಗ್ರಾಂ, 30 ಗ್ರಾಂ, ಏಳೂವರೆ ಗ್ರಾಂ. ಕೆಳಗಿನ ತರಗತಿಗಳಲ್ಲಿ 60, ಮೇಲಿನ ತರಗತಿಗಳಲ್ಲಿ 40 ಮಕ್ಕಳು ಬಂದ ದಿನ 12 ಕಿಲೋ ಅಕ್ಕಿ, 600 ಗ್ರಾಂ ಎಣ್ಣೆ. ಲೆಕ್ಕ ಸುಲಭ. ತೊಡಕಿರುವುದು ಚೀಲ ಇಳಿಯುವ ಹೊತ್ತಿನಲ್ಲಿ. ಐವತ್ತು ಕಿಲೋ ಎಂದು ಬರೆದ ಚೀಲವನ್ನು ತೂಗದೆ ಇಳಿಸಿಕೊಂಡರೆ, ಒಳಗೆ ನಲವತ್ತೊಂಬತ್ತೇ ಇದ್ದರೂ ಪುಸ್ತಕದಲ್ಲಿ ಐವತ್ತು. ವರ್ಷದ ಕೊನೆಗೆ ಪುಸ್ತಕದ ಅಕ್ಕಿಗೂ ಕೋಣೆಯ ಅಕ್ಕಿಗೂ ತಾಳೆಯಾಗುವುದಿಲ್ಲ. ಆಗ ಅದನ್ನು ಸರಿಮಾಡಲು ಹಾಜರಾತಿಯಲ್ಲಿ ಕೈಯಾಡಿಸುವ ಆಸೆ ಹುಟ್ಟುತ್ತದೆ. ನಿಜವಾದ ಅಪಾಯ ಶುರುವಾಗುವುದು ಅಲ್ಲಿಂದ. ಲಾರಿ ನಿಂತಿರುವಾಗಲೇ ತೂಗಿ, ಕಡಿಮೆ ಬಂದಷ್ಟನ್ನು ಚಲನ್ ಮೇಲೆ ಬರೆದು ತಂದವನ ಸಹಿ ಹಾಕಿಸಿಕೊಂಡರೆ ಇಷ್ಟೆಲ್ಲ ಇಲ್ಲ. ಈ ಒಂದು ಮಾತನ್ನು ಹೊಸ ಮುಖ್ಯ ಶಿಕ್ಷಕರಿಗೆ ಹೇಳುವುದು ಹೆಚ್ಚಾಗಿ ಅಡುಗೆಯವರೇ ಹೊರತು ತರಬೇತಿಯಲ್ಲ.

ಕಚೇರಿ ಕೆಲಸವೆಂದರೆ ಬರೀ ದುಡ್ಡಿನ ಲೆಕ್ಕ ಎಂದು ತಿಳಿದವರು ದಾಖಲಾತಿ ವಹಿಯನ್ನು ನೋಡಬೇಕು. ಒಂದನೇ ತರಗತಿಗೆ ಮಗುವನ್ನು ಸೇರಿಸುವ ದಿನ, ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಅಪ್ಪ ಹೇಳುವುದು ಮತ್ತೊಂದು. ಅವಸರದಲ್ಲಿ ಬರೆದ ಇನಿಷಿಯಲ್ಲು ಎಸ್‌ಎಟಿಎಸ್‌ಗೆ ಹೋಗುತ್ತದೆ, ಅಲ್ಲಿಂದ ಹತ್ತನೇ ತರಗತಿಯ ಪರೀಕ್ಷಾರ್ಥಿಗಳ ಪಟ್ಟಿಯಾದ ನಾಮಿನಲ್ ರೋಲ್‌ಗೆ, ಅಲ್ಲಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ. ಆಮೇಲೆ ಪಾಸ್‌ಪೋರ್ಟಿಗೋ ಕೆಲಸದ ದಾಖಲೆ ಪರಿಶೀಲನೆಗೋ ನಿಂತಾಗ ಆ ಒಂದು ಅಕ್ಷರ ಅಡ್ಡ ಬರುತ್ತದೆ. ವಿದ್ಯಾರ್ಥಿವೇತನದ್ದೂ ಇದೇ ಕಥೆ: ಅರ್ಜಿ ಮಂಜೂರಾಗಿದೆ, ಆದರೆ ಮಗುವಿನ ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆಯಾಗಿಲ್ಲ, ಹಣ ಬರುವುದಿಲ್ಲ. ಕೂಲಿಗೆ ಹೋಗುವ ತಾಯಿ ಎಷ್ಟು ಸಲ ಬ್ಯಾಂಕಿಗೂ ಶಾಲೆಗೂ ತಿರುಗಿಯಾಳು? ಎಲ್ಲಿ ತಡೆ ಬಿದ್ದಿದೆ ಎಂದು ಒಂದೇ ನೋಟಕ್ಕೆ ಹೇಳಬಲ್ಲ ಗುಮಾಸ್ತರು ಆ ಮನೆಗೆ ಮಾಡುವ ಉಪಕಾರ ದೊಡ್ಡದು. ಅಂಥವರು ಇದ್ದಾರೆ. ಆದರೆ ಅವರು ತಾವಾಗಿಯೇ ಬಿದ್ದು ಎದ್ದು ಕಲಿತವರು, ಅವರಿಗೆ ವರ್ಗಾವಣೆಯಾದರೆ ಆ ತಿಳಿವಳಿಕೆಯೂ ಅವರ ಹಿಂದೆಯೇ ಹೋಗುತ್ತದೆ.

ಇನ್ನೊಂದು ಮಾತು. ಯೋಜನೆಗಳ ಹಣ ಪಾವತಿಸುವ ಕೇಂದ್ರದ ಜಾಲತಾಣ ಪಿಎಫ್‌ಎಂಎಸ್‌ನಲ್ಲಿ ಪಾವತಿಗೆ ಎರಡು ಹಂತ ಇಟ್ಟಿದ್ದಾರೆ: ಒಬ್ಬರು ತಯಾರಿಸಬೇಕು, ಮತ್ತೊಬ್ಬರು ಪರಿಶೀಲಿಸಿ ಒಪ್ಪಬೇಕು. ಹಣದ ವಿಷಯದಲ್ಲಿ ಒಂದೇ ಕೈ ಎಲ್ಲವನ್ನೂ ಮಾಡಬಾರದು ಎಂಬ ಹಳೆಯ, ಒಳ್ಳೆಯ ನಿಯಮ ಅದು. ಆದರೆ ಅದರ ಅರ್ಥ ಹೇಳದೆ ಪಾಸ್‌ವರ್ಡ್ ಮಾತ್ರ ಕೊಟ್ಟಿದ್ದರಿಂದ, ಎಷ್ಟೋ ಕಡೆ ಎರಡೂ ಪಾಸ್‌ವರ್ಡ್ ಒಂದೇ ಚೀಟಿಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇರುತ್ತವೆ. ಸೈಬರ್ ಸೆಂಟರ್ ಹುಡುಗನೇ ಎರಡೂ ಹಂತ ಮುಗಿಸಿಕೊಡುತ್ತಾನೆ. ಹೇಗೆ ಮಾಡಬೇಕು ಎಂದಷ್ಟೇ ಕಲಿಸಿ ಯಾಕೆ ಎಂದು ಕಲಿಸದಿದ್ದರೆ ಹೀಗೇ ಆಗುವುದು.

ಬೇರೆ ಕಡೆ ಈ ಕೆಲಸವನ್ನು ಒಂದು ವೃತ್ತಿ ಎಂದೇ ಒಪ್ಪಿದ್ದಾರೆ. ಅಮೆರಿಕದಲ್ಲಿ ಶಾಲಾ ಹಣಕಾಸು ಅಧಿಕಾರಿಗಳ ಸಂಘ 1910ರಿಂದ ಇದೆ. ಇಂಗ್ಲೆಂಡಿನಲ್ಲಿ 1988ರ ಶಿಕ್ಷಣ ಸುಧಾರಣಾ ಕಾಯ್ದೆ ಶಾಲೆಗಳ ಕೈಗೇ ಬಜೆಟ್ ಕೊಟ್ಟಿತು. ಹಣ ಶಾಲೆಗೆ ಬಂದ ಮೇಲೆ ಅದನ್ನು ನೋಡಿಕೊಳ್ಳಲು ಬಲ್ಲವರು ಬೇಕಾದರು, ಅವರಿಗೆಂದೇ ಪ್ರಮಾಣಪತ್ರ ಕೋರ್ಸು, ಡಿಪ್ಲೊಮಾ, ವೃತ್ತಿ ಮಾನದಂಡಗಳು ಬಂದವು. ಅವರ ಸಂಘವೇ 2017ರಲ್ಲಿ ಒಂದು ವೃತ್ತಿಪರ ಸಂಸ್ಥೆಯಾಯಿತು. ಅಲ್ಲಿನ ಶಾಲೆಯ ಗಾತ್ರ, ಹಣ, ಅಧಿಕಾರ ನಮ್ಮಲ್ಲಿಲ್ಲ, ಅದನ್ನೇ ತಂದು ಇಲ್ಲಿ ನೆಡಿ ಎಂದು ನಾನು ಹೇಳುತ್ತಿಲ್ಲ. ಹಣ ಶಾಲೆಗೆ ಇಳಿದಾಗ ಜೊತೆಯಲ್ಲೇ ಕಲಿಕೆಯೂ ಇಳಿಯಬೇಕು ಎಂಬ ಕ್ರಮವನ್ನು ನೋಡಿ ಎನ್ನುತ್ತಿದ್ದೇನೆ. ನಮ್ಮಲ್ಲಿ 2001ರಲ್ಲಿ ಎಸ್‌ಡಿಎಂಸಿ ಬಂತು. 2010ರ ಏಪ್ರಿಲ್‌ನಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಅಭಿವೃದ್ಧಿ ಯೋಜನೆ ಮಾಡುವುದನ್ನೂ ಅನುದಾನದ ಬಳಕೆ ಗಮನಿಸುವುದನ್ನೂ ಸಮಿತಿಯ ಕರ್ತವ್ಯ ಎಂದಿತು. 2018ರಲ್ಲಿ ಸಮಗ್ರ ಶಿಕ್ಷಣ ಬಂತು. ಜವಾಬ್ದಾರಿ ಮೂರು ಸಲ ಇಳಿದು ಬಂತು, ಕಲಿಕೆ ಅದರ ಹಿಂದೆ ಬರಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ನಮ್ಮ ರಾಜ್ಯದ ನಿಲುವು ಬೇರೆ ಇದೆ, ಆ ಚರ್ಚೆ ಇಲ್ಲಿ ಬೇಡ. ಆದರೆ ಅದು ಶಿಕ್ಷಕರಿಗೂ ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆ ಎಂದಿದೆ, ಮುಖ್ಯ ಶಿಕ್ಷಕರಿಗೆ ಅದರಲ್ಲಿ ಆಡಳಿತ ನಿರ್ವಹಣೆಯೂ ಸೇರಬೇಕೆಂದಿದೆ. ಶಿಕ್ಷಕರನ್ನು ಹೆಚ್ಚಿನ ಆಡಳಿತ ಕೆಲಸಕ್ಕೆ ಹಚ್ಚಬಾರದು ಎಂದೂ ಇದೆ. ಇದನ್ನು ಬೇಡವೆನ್ನುವವರು ಯಾರಿದ್ದಾರೆ? ಅಲ್ಲಿಯೂ ಬಿಟ್ಟುಹೋದವರು ಕಚೇರಿ ಸಿಬ್ಬಂದಿ. ಗುಮಾಸ್ತರಿಗೆ ವರ್ಷಕ್ಕೆ ಇಷ್ಟು ಗಂಟೆ ಕಲಿಕೆ ಎಂದು ಅದರಲ್ಲಿ ಒಂದು ಸಾಲೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಚಾರ್ಜ್ ವಹಿಸಿಕೊಳ್ಳುವ ಮುನ್ನ ಕಲಿಸಿ. ಪ್ರಭಾರ ಮುಖ್ಯ ಶಿಕ್ಷಕರಿಗೂ ಇದು ಅನ್ವಯಿಸಲಿ. ನಿಜವಾಗಿ ಎಷ್ಟೋ ಶಾಲೆಗಳನ್ನು ನಡೆಸುತ್ತಿರುವವರು ಅವರೇ. ಒಂದು ವಾರ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಯಲ್ಲಿ (ಡಯಟ್) ಕೂರಿಸಿ, ಕೈಗೆ ಒಂದು ಖಾಲಿ ನಗದು ಪುಸ್ತಕ, ಒಂದು ಕಟ್ಟು ಬಿಲ್ಲು, ಒಂದು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಕೊಡಿ. ಒಂದು ಕಾಲ್ಪನಿಕ ಶಾಲೆಯ ಇಡೀ ವರ್ಷದ ಲೆಕ್ಕವನ್ನು ಆರಂಭ ಶಿಲ್ಕಿನಿಂದ (ಹಿಂದಿನ ವರ್ಷದ ಉಳಿಕೆ) ಹಿಡಿದು ಹಣ ಬಳಕೆ ಪ್ರಮಾಣಪತ್ರದವರೆಗೆ ಅವರ ಕೈಯಲ್ಲೇ ಬರೆಸಿ. ಪಾಸ್‌ಬುಕ್ಕಿಗೂ ನಗದು ಪುಸ್ತಕಕ್ಕೂ ವ್ಯತ್ಯಾಸ ಬರುವಂತೆ ಬೇಕೆಂದೇ ಎರಡು ನಮೂದು ಬಿಟ್ಟಿರಿ, ಅದನ್ನು ಅವರೇ ಹುಡುಕಲಿ. ಚಾರ್ಜ್ ಲಿಸ್ಟ್ ಹೇಗೆ ಪಡೆಯಬೇಕು, ಪಟ್ಟಿಯಲ್ಲಿರುವ ವಸ್ತು ಕೋಣೆಯಲ್ಲಿ ಇಲ್ಲದಿದ್ದರೆ ಅಂದೇ ಏನು ಬರೆದುಕೊಡಬೇಕು ಎಂದು ಒಂದು ಇಡೀ ದಿನ ಹೇಳಿಕೊಡಿ. ಆ ಒಂದು ದಿನದಿಂದಲೇ ಎಷ್ಟೋ ನಿವೃತ್ತರ ಅಲೆದಾಟ ತಪ್ಪುತ್ತದೆ.

ಆದರೆ ಒಂದು ವಾರದ ತರಬೇತಿ ಸಾಕಾಗುವುದಿಲ್ಲ. ಪ್ರಶ್ನೆಗಳು ಹುಟ್ಟುವುದು ಕೆಲಸ ಶುರುವಾದ ಮೇಲೆ. ಶಿಕ್ಷಕರಿಗೆ ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರ್ ಮಟ್ಟದಲ್ಲಿ ಸಮಾಲೋಚನಾ ಸಭೆ ಇರುವ ಹಾಗೆ ಲೆಕ್ಕ ನೋಡುವವರಿಗೂ ಮೂರು ತಿಂಗಳಿಗೊಮ್ಮೆ ಒಂದು ದಿನ ಇಡಿ. ಭಾಷಣ ಬೇಡ, ಪಿಪಿಟಿಯೂ ಬೇಡ. ಎಲ್ಲರೂ ತಮ್ಮ ಶಾಲೆಯ ನಗದು ಪುಸ್ತಕ, ಓಚರ್ ಫೈಲು, ದಾಸ್ತಾನು ವಹಿ ಹಿಡಿದು ಬರಲಿ. ಪಕ್ಕದ ಶಾಲೆಯವರ ಪುಸ್ತಕವನ್ನು ಇವರು ನೋಡಲಿ, ಇವರದನ್ನು ಅವರು ನೋಡಲಿ, ಅನುಭವಿ ಅಧೀಕ್ಷಕರೊಬ್ಬರು ನಡುವೆ ಕೂತಿರಲಿ. ಅಲ್ಲಿ ಕಂಡ ತಪ್ಪಿಗೆ ನೋಟಿಸ್ ಕೊಡುವುದಿಲ್ಲ ಎಂಬ ಮಾತನ್ನು ಇಲಾಖೆ ಲಿಖಿತವಾಗಿ ಕೊಡಬೇಕು. ಅದಿಲ್ಲದಿದ್ದರೆ ಯಾರೂ ನಿಜವಾದ ಪುಸ್ತಕ ತರುವುದಿಲ್ಲ, ಚೆಂದವಾಗಿ ತಿದ್ದಿ ಬರೆದದ್ದನ್ನು ತರುತ್ತಾರೆ.

ಪಠ್ಯಕ್ಕೆ ಎಲ್ಲೂ ಹುಡುಕಬೇಕಾಗಿಲ್ಲ. ತಮ್ಮ ಇಲಾಖೆಯ ಕಪಾಟುಗಳಲ್ಲಿ ವರ್ಷಗಳ ಆಡಿಟ್ ಆಕ್ಷೇಪಣೆಗಳು ತುಂಬಿವೆ. ಶಾಲೆಯ, ವ್ಯಕ್ತಿಯ ಹೆಸರು ತೆಗೆದು, ಮತ್ತೆ ಮತ್ತೆ ಬರುವ ಆಕ್ಷೇಪಣೆಗಳನ್ನು ಆರಿಸಿ, ಪ್ರತಿಯೊಂದರ ಎದುರು ಸರಿಯಾದ ಓಚರಿನ ಅಥವಾ ಪುಟದ ಮಾದರಿಯನ್ನು ಅಚ್ಚುಹಾಕಿ ಒಂದು ಕೈಪಿಡಿ ಮಾಡಿಸಿ. ಅದು ಕನ್ನಡದಲ್ಲಿರಲಿ, ಆದೇಶಗಳ ಕನ್ನಡದಲ್ಲಲ್ಲ, ನಾವು ಕಚೇರಿಯಲ್ಲಿ ಮಾತಾಡುವ ಕನ್ನಡದಲ್ಲಿ. ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ 1999ರದ್ದು; ಇಂದಿಗೂ ಕೊಟೇಶನ್ ಯಾವಾಗ ಸಾಕು, ಟೆಂಡರ್ ಯಾವಾಗ ಬೇಕು ಎಂದು ಮುಖ್ಯ ಶಿಕ್ಷಕರು ಒಬ್ಬರನ್ನೊಬ್ಬರು ಕೇಳಿಕೊಂಡು ನಡೆಸುತ್ತಿದ್ದಾರೆ. ಮಿತಿಗಳು ಬದಲಾದಾಗಲೆಲ್ಲ ಆ ಒಂದು ಪುಟ ಬದಲಾಯಿಸಿ ಕಳಿಸಿದರೆ ಸಾಕು.

ಆನ್‌ಲೈನ್ ಕೋರ್ಸ್ ಮಾಡಿ ಪ್ರಮಾಣಪತ್ರ ಇಳಿಸಿಕೊಳ್ಳಿ ಎಂದಷ್ಟೇ ಮಾಡಿ ಕೈತೊಳೆದುಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ. ವಿಡಿಯೊ ಓಡಲು ಬಿಟ್ಟು ಪಕ್ಕದಲ್ಲಿ ವೇತನ ಬಿಲ್ಲು ಮಾಡುವ ಅನಿವಾರ್ಯ ಅಲ್ಲಿಯವರಿಗೆ ಇದೆ. ಆನ್‌ಲೈನ್ ಕಲಿಕೆಯ ದೀಕ್ಷಾ ವೇದಿಕೆ ನೆನಪು ಮಾಡಿಕೊಳ್ಳಲು ಒಳ್ಳೆಯದು, ಮೊದಲ ಸಲ ಕಲಿಯಲು ಅಲ್ಲ.

ಗುಮಾಸ್ತರ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಬೇಕು. ಅವರು ಕಲಿತದ್ದು ಎಲ್ಲಿಯಾದರೂ ದಾಖಲಾಗಬೇಕು. ತರಬೇತಿಯ ಗಂಟೆಗಳು ಸೇವಾ ಪುಸ್ತಕಕ್ಕೆ ಏರಲಿ. ಶಾಲಾ ಹಣಕಾಸು ಮತ್ತು ಆಡಳಿತದಲ್ಲಿ ಒಂದು ವರ್ಷದ ಪ್ರಮಾಣಪತ್ರ ಕೋರ್ಸನ್ನು, ಕೆಲಸ ಮಾಡುತ್ತಲೇ ಕಲಿಯುವಂತೆ, ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಮತ್ತು ಅದರ ಜಿಲ್ಲಾ ತರಬೇತಿ ಸಂಸ್ಥೆಗಳ ಮೂಲಕ ನಡೆಸಬಹುದು. ಅದನ್ನು ಮುಗಿಸಿದವರಿಗೆ ಸ್ಥಳ ನಿಯುಕ್ತಿಯಲ್ಲಿ, ತರಬೇತುದಾರರ ಆಯ್ಕೆಯಲ್ಲಿ ಆದ್ಯತೆ ಸಿಗಲಿ. ಇಂದು ಒಬ್ಬ ದ್ವಿತೀಯ ದರ್ಜೆ ಸಹಾಯಕಿ ಎಷ್ಟು ಚೆನ್ನಾಗಿ ಕೆಲಸ ಕಲಿತರೂ ಅದಕ್ಕೆ ಸಿಗುವ ಬಹುಮಾನ ಒಂದೇ, ಪಕ್ಕದ ಎರಡು ಶಾಲೆಗಳ ಕೆಲಸವನ್ನೂ ಅವಳ ಮೇಲೆ ಹಾಕುವುದು.

ಹಾಗೆ ಹಾಕುವುದನ್ನೇ ಸರಿಯಾದ ರೀತಿಯಲ್ಲಿ ಮಾಡಲು ದಾರಿ ಇದೆ. ಪ್ರತಿ 50 ಶಾಲೆಗಳಿಗೆ ಒಬ್ಬ ಲೆಕ್ಕ ಸಹಾಯಕ ಎಂಬ ಮಾನದಂಡ ಸರ್ವ ಶಿಕ್ಷಣ ಅಭಿಯಾನದ ಕಾಲದಿಂದ ಇದೆ. ಶಾಲೆಗಳನ್ನು ಗುಂಪಾಗಿಸಿ ಸಂಪನ್ಮೂಲ ಹಂಚಿಕೊಳ್ಳಬೇಕು ಎಂದು 1964-66ರ ಕೊಠಾರಿ ಆಯೋಗವೇ ಹೇಳಿತ್ತು. ಐವತ್ತು ಶಾಲೆ ಒಬ್ಬರಿಗೆ ಬಹಳವಾಯಿತು ಎಂಬುದು ನನ್ನ ಅಭಿಪ್ರಾಯ, ಒಬ್ಬರು ಹೆಚ್ಚೆಂದರೆ ಒಂದು ಕ್ಲಸ್ಟರ್ ನೋಡಬಹುದು. ತರಬೇತಾದ ಒಬ್ಬ ಲೆಕ್ಕ ಸಹಾಯಕರು ಗೊತ್ತುಪಡಿಸಿದ ದಿನ ಶಾಲೆಗೆ ಬಂದು ನಗದು ಪುಸ್ತಕ ತಾಳೆ ನೋಡಿ ಸಹಿ ಮಾಡಿ ಹೋದರೆ, ಮುಖ್ಯ ಶಿಕ್ಷಕರು ಆ ದಿನ ಐದನೇ ತರಗತಿಯ ಪಾಠ ಬಿಡಬೇಕಾಗುವುದಿಲ್ಲ. ಪಿಎಫ್‌ಎಂಎಸ್‌ನ ಆ ಎರಡನೇ ಕೈ ಎಲ್ಲಿಂದ ಬರಬೇಕು ಎಂಬುದಕ್ಕೂ ಉತ್ತರ ಸಿಗುತ್ತದೆ.

ಎಸ್‌ಡಿಎಂಸಿ ಸದಸ್ಯರಾಗಿರುವ ಪಾಲಕರಿಗೂ ಎರಡು ಮಾತು. ಸಭೆಯಲ್ಲಿ ನಡಾವಳಿ ಪುಸ್ತಕಕ್ಕೆ ಸಹಿ ಕೇಳಿದಾಗ ನಗದು ಪುಸ್ತಕವನ್ನೂ ತೆರೆಯಲು ಕೇಳಿ. ಅನುಮಾನದಿಂದಲ್ಲ, ತಿಳಿದುಕೊಳ್ಳಲು. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿದಿದೆ, ಉಳಿದದ್ದು ಯಾಕೆ ಉಳಿದಿದೆ ಎಂದು ಮುಖ್ಯ ಶಿಕ್ಷಕರು ಹೇಳಲಿ. ಹೇಳಲು ಕಷ್ಟವಾದರೆ ಅವರನ್ನು ದೂರಬೇಡಿ, ಅವರಿಗೆ ತರಬೇತಿ ಕೊಡಿ ಎಂದು ಬಿಇಓ ಅವರಿಗೆ ಸಮಿತಿಯ ತೀರ್ಮಾನ ಬರೆದು ಕಳಿಸಿ. ಹತ್ತು ಶಾಲೆಗಳಿಂದ ಅಂಥ ಕಾಗದ ಹೋದರೆ ಅದಕ್ಕೆ ಕಡತ ತೆರೆಯಲೇಬೇಕಾಗುತ್ತದೆ.

ಹಣದ ಪ್ರಶ್ನೆ ಬರುತ್ತದೆಂದು ಗೊತ್ತು. ಡಯಟ್ ಕಟ್ಟಡಗಳಿವೆ, ಜಿಲ್ಲಾ ತರಬೇತಿ ಸಂಸ್ಥೆಗಳಿವೆ, ಶಾಲಾ ನಾಯಕತ್ವ ಮತ್ತು ಶೈಕ್ಷಣಿಕ ಯೋಜನೆಗೆಂದೇ ಧಾರವಾಡದಲ್ಲಿ ಸಂಸ್ಥೆ ಇದೆ, ತಾಲ್ಲೂಕು, ಕ್ಲಸ್ಟರ್ ಮಟ್ಟದ ಸಂಪನ್ಮೂಲ ಕೇಂದ್ರಗಳಾದ ಬಿಆರ್‌ಸಿ ಸಿಆರ್‌ಸಿಗಳಿವೆ. ಹೊಸದಾಗಿ ಬೇಕಾಗುವುದು ಒಂದು ಕೈಪಿಡಿ, ತರಬೇತಿಗೆ ಬಂದವರ ಪ್ರಯಾಣ ಭತ್ಯೆ, ಮತ್ತು ಅವರನ್ನು ಆ ದಿನ ಬೇರೆ ಸಭೆಗೆ ಕರೆಯುವುದಿಲ್ಲ ಎಂಬ ಒಂದು ಆದೇಶ.

ನನ್ನ ಬೇಡಿಕೆ ಚಿಕ್ಕದು. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ಈ ನಾಲ್ಕು ವಿಭಾಗಗಳಲ್ಲಿ ಒಂದೊಂದು ತಾಲ್ಲೂಕು ಆರಿಸಿ. ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ತೆರೆದುಕೊಳ್ಳುವುದರಿಂದ ಮಾರ್ಚ್ ಗದ್ದಲಕ್ಕೂ ಮೊದಲೇ, ಜನವರಿಯಲ್ಲೇ ಆ ಒಂದು ವಾರದ ತರಬೇತಿ ಮುಗಿಸಿ, ಏಪ್ರಿಲ್‌ನ ಆರಂಭ ಶಿಲ್ಕನ್ನು ಹೊಸ ಕ್ರಮದಲ್ಲೇ ಬರೆಯಲಿ. ಒಂದು ಪೂರ್ತಿ ವರ್ಷ ಅವರ ಜೊತೆಗಿದ್ದು, ಮರುವರ್ಷದ ಆಡಿಟ್‌ನಲ್ಲಿ ಏನು ಬಂತು, ಖರ್ಚಾಗದೆ ಎಷ್ಟು ವಾಪಸ್ ಹೋಯಿತು ಎಂದು ಪಕ್ಕದ ತಾಲ್ಲೂಕಿನೊಂದಿಗೆ ಹೋಲಿಸಿ, ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಿ. ಪಠ್ಯ ರೂಪಿಸುವ ಸಮಿತಿಯಲ್ಲಿ ಅಧಿಕಾರಿಗಳ ಜೊತೆಗೆ, ಇಂದು ನಗದು ಪುಸ್ತಕ ಬರೆಯುತ್ತಿರುವ ಇಬ್ಬರು ಗುಮಾಸ್ತರೂ ಗುಮಾಸ್ತರಿಲ್ಲದ ಶಾಲೆಯ ಒಬ್ಬ ಮುಖ್ಯ ಶಿಕ್ಷಕಿಯೂ ಇರಲಿ. ಹೇಳಿಕೊಡಲು ಜನ ಬೇಕಾದರೆ ಪ್ರತಿ ತಾಲ್ಲೂಕಿನಲ್ಲೂ ನನ್ನಂಥ ನಿವೃತ್ತ ಅಧೀಕ್ಷಕರು, ವ್ಯವಸ್ಥಾಪಕರು ಸಿಗುತ್ತಾರೆ. ಬಸ್ ಚಾರ್ಜು ಕೊಟ್ಟರೆ ಸಾಕು, ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಚೇರಿ ಅಧೀಕ್ಷಕ,
ಶಾಲಾ ಶಿಕ್ಷಣ ಇಲಾಖೆ